ಸ್ಟೀರಿಂಗ್ ನಡುಗಿದರೆ ಅಲೈನ್‌ಮೆಂಟ್ ಮಾಡಿಸಿದರೆ ಸಾಕಾ?

"ಹಳೆಯ ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ನಡುಗುತ್ತಿದೆಯಾ? ವೀಲ್ ಅಲೈನ್‌ಮೆಂಟ್ ಮಾಡಿಸಿ, ನಿಂತುಹೋಗುತ್ತೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಸತ್ಯಾಂಶ: ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಕೆಟ್ಟಾಗ ಸಾಮಾನ್ಯವಾಗಿ ಕಾರು ಒಂದು ಕಡೆ ಎಳೆಯುತ್ತದೆ, ಟೈರಿನ ಅಂಚು ಸವೆಯುತ್ತದೆ. ಗಂಟೆಗೆ 80-100 ಕಿ.ಮೀ. ಆಸುಪಾಸಿನಲ್ಲಿ ಶುರುವಾಗುವ ನಡುಕಕ್ಕೆ ಮೊದಲು ಚಕ್ರಗಳನ್ನೇ ನೋಡಬೇಕು. ಬ್ಯಾಲೆನ್ಸ್ (ಚಕ್ರದ ಸುತ್ತ ತೂಕದ ಸಮತೋಲನ) ತಪ್ಪಿರಬಹುದು, ರಿಮ್ ಸೊಟ್ಟಗಾಗಿರಬಹುದು. ಜಾಸ್ತಿ ದಿನ ನಿಂತ ಕಾರಿನಲ್ಲಿ ಟೈರ್ ಒಂದು ಕಡೆ ಚಪ್ಪಟೆಯಾಗಿರಬಹುದು. ಎಂಜಿಬಿ, ಜಾಗ್ವಾರ್ ಇ-ಟೈಪ್‌ನಂಥ ಕಾರುಗಳ ವೈರ್ ವೀಲ್‌ಗಳಲ್ಲಿ ಕಡ್ಡಿಗಳು ಸಡಿಲವಾಗಿ ರಿಮ್ ಓಲಾಡುವುದೂ ಉಂಟು. ಅಂಥ ರಿಮ್‌ಗೆ ಬ್ಯಾಲೆನ್ಸ್ ಮಾಡಲು ಸುಮ್ನೆ ತೂಕ ಅಂಟಿಸಿದರೆ ಪ್ರಯೋಜನವಿಲ್ಲ.

ಸುಲಭದ ಪರೀಕ್ಷೆ ಒಂದಿದೆ. ಹಿಂದೆ ಮುಂದೆ ಒಂದೇ ಅಳತೆಯ ಚಕ್ರಗಳಿದ್ದರೆ ಅವನ್ನು ಅದಲು ಬದಲು ಮಾಡಿ ಓಡಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ತಪ್ಪು ಚಕ್ರದ್ದೇ.

ಬದಲಾಗಲಿಲ್ವಾ? ಮುಂಭಾಗ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಬೇಡಿ, ಇದು ಜೀವದ ಪ್ರಶ್ನೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲ್ಲಾಡಿಸಿ. ಸಡಿಲ ಮಾಯವಾದರೆ ಬೇರಿಂಗ್ ಅನ್ನು ಅನುಮಾನಿಸಿ. ಹಾಗೇ ಉಳಿದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಪಿನ್) ಅಥವಾ ಸಸ್ಪೆನ್ಷನ್ ಕೀಲುಗಳು ಸವೆದಿವೆ. ಎಡಬಲ ಹಿಡಿದಾಗ ಅಲ್ಲಾಡಿದರೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿಗಳನ್ನು ನೋಡಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆ ಅಂದರೆ ದಾರಿಯೇ ಬೇರೆ: ಬ್ರೇಕ್ ಡಿಸ್ಕ್ ಅಥವಾ ಡ್ರಮ್‌ನಿಂದ ಶುರುಮಾಡಿ.