ಮೊದಲು ನಿಲ್ಲೋ ಜಾಗ, ಆಮೇಲೆ ಟೀ ಶರ್ಟು

ಫುಟ್‌ಬಾಲ್ ಅಭಿಮಾನಿ ಬಳಗ ಕಟ್ಟೋಕೆ ಹೊರಟವರು ಬಹಳ ಸಲ ಲೋಗೊ, ಟೀ ಶರ್ಟು, ವಾಟ್ಸಾಪ್ ಗ್ರೂಪಿನಿಂದ ಶುರು ಮಾಡ್ತಾರೆ. ಎಡವೋದೇ ಅಲ್ಲಿ. ಬಳಗ ಹುಟ್ಟೋದು ಗ್ಯಾಲರಿಯಲ್ಲಿ. ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಹೆಸರನ್ನೇ ನೋಡಿ. 2013ರಲ್ಲಿ ಕ್ಲಬ್ ಶುರುವಾದಾಗ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತವರು ಅವರು. ತಂಡ ಕಂಠೀರವಕ್ಕೆ ಹೋದರೂ ಆ ಹೆಸರು ಬಿಡಲಿಲ್ಲ.

ಅದಕ್ಕೇ ಮೊದಲ ಕೆಲಸ, ಪ್ರತಿ ಪಂದ್ಯಕ್ಕೂ ಒಂದೇ ಬ್ಲಾಕಿನ ಟಿಕೆಟ್ ತಗೊಳ್ಳೋದು. ಇಪ್ಪತ್ತು ಜನ ಸಾಕು, ಆದರೆ ಒತ್ತಾಗಿ ನಿಲ್ಲಬೇಕು. ಇನ್ನೂರು ಜನ ಚದುರಿ ಕೂತರೆ ಕೂಗು ಗಾಳಿಗೆ ಹೋಗುತ್ತೆ. ಕಂಠೀರವದಲ್ಲಂತೂ ಮಧ್ಯೆ ಓಟದ ಟ್ರ್ಯಾಕ್ ಬೇರೆ ಇದೆ, ಅದನ್ನೂ ದಾಟಿ ಆಟಗಾರರ ಕಿವಿಗೆ ಬೀಳಬೇಕು.

ಡ್ರಮ್ ಗುಂಪಿನ ನಡುವೆ, ಮುಂದಿನ ಸಾಲಲ್ಲಿರಲಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತೆ. ಒಂದು ತುದಿಯಲ್ಲಿ ಬಡಿದರೆ 50 ಮೀಟರ್ ಆಚೆ ಇರೋರಿಗೆ ಸೆಕೆಂಡಿನ ಏಳನೇ ಒಂದು ಭಾಗ ತಡವಾಗಿ ಕೇಳುತ್ತೆ, ಅವರ ಚಪ್ಪಾಳೆ ವಾಪಸ್ ಬರೋ ಹೊತ್ತಿಗೆ ಇನ್ನಷ್ಟು ತಡ. ತಾಳ ಕೆಡೋದು ಹೀಗೆ. ದೂರದವರು ಸದ್ದು ಕೇಳಿ ಅಲ್ಲ, ಕಾಪೋ ಕೈ ನೋಡಿ ಚಪ್ಪಾಳೆ ಹೊಡೀಬೇಕು. ಕಾಪೋ ಅಂದ್ರೆ ಮೈದಾನಕ್ಕೆ ಬೆನ್ನು ಹಾಕಿ ಜನರ ಕೈಲಿ ಕೂಗಿಸುವವರು. ಅವರಿಗೆ ಪಂದ್ಯ ಸರಿಯಾಗಿ ಕಾಣೋದೇ ಇಲ್ಲ. ಅರ್ಧಕ್ಕೊಬ್ಬರಂತೆ ಇಬ್ಬರಿರಲಿ, ಗಂಟಲೂ ಉಳಿಯುತ್ತೆ. ಕೂಗು ಚಿಕ್ಕದಾಗಿ, ಕನ್ನಡದಲ್ಲಿದ್ದರೆ ಹೊಸಬರು ಎರಡನೇ ಸಲಕ್ಕೇ ದನಿಗೂಡಿಸ್ತಾರೆ.

ದೊಡ್ಡ ಬ್ಯಾನರಿಗೆ ಫ್ಲೆಕ್ಸ್ ಬೇಡ, ಹತ್ತಿ ಬಟ್ಟೆ ತನ್ನಿ. 10 ಮೀಟರ್ ಉದ್ದ, 6 ಮೀಟರ್ ಎತ್ತರದ್ದಾದರೆ ಮೊದಲು ಕಾಗದದಲ್ಲಿ 20 ಸೆಂಟಿಮೀಟರಿಗೆ 12ರಂತೆ ಚಿತ್ರ ಬರೆದು, ಒಂದೊಂದು ಸೆಂಟಿಮೀಟರಿನ ಚೌಕ ಹಾಕಿ. ಬಟ್ಟೆಯ ಮೇಲೆ ಆ ಚೌಕ ಅರ್ಧ ಮೀಟರ್. ಬಣ್ಣ ತೆಳುವಾಗಿರಲಿ. ದಪ್ಪಗೆ ಬಳಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ, ಭಾರಕ್ಕೆ ಎತ್ತೋಕೂ ಆಗಲ್ಲ. ಪೂರ್ತಿ ಒಣಗಿದ ಮೇಲೆ ಸುರುಳಿ ಸುತ್ತಿ. ಕೆಳಗಿನ ಸಾಲಿಂದ ಮೇಲಕ್ಕೆ ಎಳೆಯೋದಾದರೆ ಚಿತ್ರದ ಮೇಲಂಚು ಸುರುಳಿಯ ಹೊರಗಡೆ ಬರಬೇಕು, ಇಲ್ಲದಿದ್ದರೆ ಇಡೀ ಸ್ಟೇಡಿಯಂಗೆ ತಲೆಕೆಳಗಾದ ಚಿತ್ರ ಕಾಣುತ್ತೆ. ಡ್ರಮ್ಮಿಗೂ ಕೋಲಿಗೂ ಕ್ಲಬ್ಬಿನ, ಪೊಲೀಸರ ಒಪ್ಪಿಗೆ ಮೊದಲೇ ಬರಹದಲ್ಲಿ ಪಡೀರಿ.

ಕ್ಲಬ್ಬಿನ ಜೊತೆ ಮಾತುಕತೆ ಇರಲಿ, ಅವರ ದುಡ್ಡು ಮಾತ್ರ ಬೇಡ. ಪುಕ್ಕಟೆ ಪಾಸು ತಗೊಂಡ ಬಳಗ ಟಿಕೆಟ್ ದರ ಏರಿದಾಗ ಬಾಯಿ ಬಿಡಲ್ಲ. ಚಂದಾ ಲೆಕ್ಕ ಇಬ್ಬರ ಕೈಲಿರಲಿ, ಪ್ರತಿ ಪಂದ್ಯದ ಮರುದಿನ ಎಲ್ಲರಿಗೂ ಕಳಿಸಿ.

ಟೀ ಶರ್ಟು ಕೊನೆಗೆ. ಮುಂಗಡ ಕೊಟ್ಟವರ ಸೈಜು ಬರೆದುಕೊಂಡು ಅಷ್ಟನ್ನೇ ಮಾಡಿಸಿ. ಅಂದಾಜಿನ ಮೇಲೆ ನೂರು ಮಾಡಿಸಿದರೆ ಬೇಡದ ಸೈಜೆಲ್ಲ ಉಳಿದು, ಮುಂದಿನ ಬ್ಯಾನರಿನ ದುಡ್ಡು ಆ ಮೂಟೆಯಲ್ಲೇ ಕೂರುತ್ತೆ.