ಒಂದು ಕಪ್ ಅಂದ್ರೆ ಎಷ್ಟು ಅಂತ ಮೊದಲು ಹೇಳಿ

ಅಡುಗೆ ವಿಡಿಯೋ ಮಾಡುವವರೇ, ನೀವು ಹೇಳುವ ಆ ಒಂದು ಕಪ್ ಎಷ್ಟು? ರೈಸ್ ಕುಕ್ಕರ್ ಜೊತೆ ಬರುವ 180 ಮಿಲಿ ಕಪ್ಪಾ? ಅಂಗಡಿಯಲ್ಲಿ ಸಿಗುವ 240 ಮಿಲಿ ಅಳತೆ ಕಪ್ಪಾ? ಇಲ್ಲಾ ಕಾಫಿ ಕುಡಿಯುವ ಲೋಟವಾ? ಕೈಗೆ ಸಿಕ್ಕಿದ ಬಟ್ಟಲಲ್ಲಿ ಅಳೆದು ಸುರಿದು ಮುಂದಕ್ಕೆ ಹೋಗಿಬಿಡುತ್ತೀರಿ. ನೋಡುವವರ ಮನೆಯಲ್ಲೂ ಅದೇ ಬಟ್ಟಲು ಇರುತ್ತಾ?

ಉಪ್ಪಿಟ್ಟಿಗಾದರೆ ನಡೆಯುತ್ತದೆ. ರವೆ, ನೀರು ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಮುಗಿಯಿತು. ಆದರೆ ಬಿಸ್ಕತ್ತಿಗೆ ಹಿಟ್ಟು ಕಪ್ಪಿನಲ್ಲಿ, ಬೆಣ್ಣೆ ಗ್ರಾಂನಲ್ಲಿ ಹೇಳಿದರೆ ನಾವೇನು ಮಾಡಬೇಕು? ಅದೇ 240 ಮಿಲಿ ಕಪ್ಪಿಗೆ ಮೈದಾ ಹಗುರವಾಗಿ ತುಂಬಿದರೆ ಸುಮಾರು 120 ಗ್ರಾಂ ಬರುತ್ತದೆ. ಒತ್ತಿ ತುಂಬಿದರೆ 150 ದಾಟುತ್ತದೆ. ಬಿಸ್ಕತ್ತು ಗರಿಗರಿ ಆಗುತ್ತೋ ಗಟ್ಟಿ ಆಗುತ್ತೋ ಅನ್ನುವುದು ಆ 30 ಗ್ರಾಂ ಮೇಲೇ ನಿಂತಿರುತ್ತದೆ.

ಮಗಳ ಸ್ಕೂಲ್ ಡಬ್ಬಿಗೆ ಅಂತ ಒಂದು ವಿಡಿಯೋ ನೋಡಿ ರಾಗಿ ಬಿಸ್ಕತ್ತು ಮಾಡಿದೆ. ಬೆಣ್ಣೆ ಇಲ್ಲದಿದ್ದರೆ ಅಷ್ಟೇ ತುಪ್ಪ ಹಾಕಿ, ಏನೂ ವ್ಯತ್ಯಾಸ ಆಗಲ್ಲ ಅಂತ ಅದರಲ್ಲಿ ಹೇಳಿದ್ದರು. ಹಾಗೇ ಮಾಡಿದೆ. ತಟ್ಟೆ ತುಂಬಾ ಎಲ್ಲ ಕರಗಿ ಒಂದಾಗಿ ಹರಡಿಕೊಂಡಿತು. ವ್ಯತ್ಯಾಸ ಆಗದೆ ಇರುತ್ತಾ? ಅಂಗಡಿ ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಸುಮಾರು 80 ಭಾಗ, ಉಳಿದಿದ್ದರಲ್ಲಿ ನೀರೇ ಜಾಸ್ತಿ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಜಿಡ್ಡು. 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ತುಪ್ಪ ಸಾಕು. ಅದರ ಮೇಲೆ ರಾಗಿಯಲ್ಲಿ ಮೈದಾದ ಅಂಟು ಬೇರೆ ಇಲ್ಲ. ಈ ಎರಡು ಮಾತು ಹೇಳೋಕೆ ಎಷ್ಟು ಹೊತ್ತು ಬೇಕಿತ್ತು? ಮನೆಯಲ್ಲಿ ಕಾಯಿಸಿದ ತುಪ್ಪ ಅದು. ಹೊಟ್ಟೆ ಉರಿಯುತ್ತೆ.

ಇನ್ನೊಬ್ಬರು ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ ಅನ್ನುತ್ತಾರೆ. ಒಂದೇ ಅಲ್ಲ! ಸೋಡಾದ ಶಕ್ತಿ ಸುಮಾರು ಮೂರು ಪಟ್ಟು. ಪೌಡರ್ ಹಾಕುವಷ್ಟೇ ಸೋಡಾ ಹಾಕಿದರೆ ತಿಂಡಿ ಸೋಪಿನ ರುಚಿ ಬರುತ್ತದೆ.

ಚಕ್ಕುಲಿ ಕಥೆ ಇನ್ನೂ ಕಷ್ಟ. ಸ್ವಲ್ಪ ಬೆಣ್ಣೆ, ಬೇಕಾದಷ್ಟು ನೀರು, ಹದ ನೋಡಿಕೊಂಡು ಕಲಸಿ. ಯಾವ ಹದ? ಬೆಣ್ಣೆ ಜಾಸ್ತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಪುಡಿಪುಡಿ. ಕಡಿಮೆಯಾದರೆ ಹಲ್ಲಿಗೆ ಸವಾಲು. ನೀರು ಕಡಿಮೆಯಾದರೆ ಒರಳಿನಿಂದ ಒತ್ತುವಾಗಲೇ ಎಳೆ ತುಂಡಾಗುತ್ತದೆ. ಗಿರಣಿ ಹಿಟ್ಟಿಗೂ ಪ್ಯಾಕೆಟ್ ಹಿಟ್ಟಿಗೂ ಒಂದೇ ನೀರು ಹಿಡಿಯಲ್ಲ, ಒಪ್ಪುತ್ತೇನೆ. ಹಾಗಾದರೆ ಎಳೆ ತುಂಡಾಗದ ಹಾಗೆ ಕಲಸಿ ಅಂತಾದರೂ ಹೇಳಬಹುದಲ್ವಾ? ಆ ಜಾಗದಲ್ಲೇ ವಿಡಿಯೋ ಕತ್ತರಿಸಿ ಸೀದಾ ಎಣ್ಣೆಗೆ ಹಾರುತ್ತೀರಿ.

ಕೇಳಿದರೆ, ನಮ್ಮ ಅಜ್ಜಿಯರು ಏನು ಅಳತೆ ಇಟ್ಟುಕೊಂಡಿದ್ದರಾ, ಎಲ್ಲ ಕಣ್ಣಂದಾಜು ಅಂತ ಉತ್ತರ. ಸುಳ್ಳು. ನಮ್ಮಜ್ಜಿ ಒಂದು ಸೇರು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ ಅಂತಲೇ ಹೇಳುತ್ತಿದ್ದರು. ಸೇರಿಗೆ ನಾಲ್ಕು ಪಾವು, ಅಂದರೆ ನಾಲ್ಕಕ್ಕೆ ಒಂದು. ಚಟಾಕು, ಪಾವು, ಸೇರು ಎಲ್ಲ ಅಡುಗೆಮನೆಯಲ್ಲೇ ಇರುತ್ತಿದ್ದವು. ಉಳಿದ ಹದವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಿಟ್ಟು ಮುಟ್ಟಿಸಿ ಕಲಿಸುತ್ತಿದ್ದರು. ನಿಮ್ಮ ಹಿಟ್ಟನ್ನು ನಾನು ಫೋನಿನಲ್ಲಿ ಮುಟ್ಟೋಕಾಗುತ್ತಾ?

ದೋಸೆ ಹಿಟ್ಟೂ ಅಷ್ಟೇ. ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಉಬ್ಬಿರುತ್ತೆ ಅನ್ನುತ್ತೀರಿ. ಮಂಗಳೂರಿನ ಸೆಕೆಯಲ್ಲಿ ಉಬ್ಬುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಹಿಟ್ಟು ಇಟ್ಟ ಹಾಗೇ ಇರುತ್ತದೆ, ಮಕ್ಕಳು ಬ್ರೆಡ್ ತಿಂದು ಹೋಗುತ್ತಾರೆ.

ಇಷ್ಟೆಲ್ಲ ಹಾಳಾದ ಮೇಲೆ, ನಮಗೆ ಚೆನ್ನಾಗೇ ಬಂತು, ನಿಮ್ಮ ಕೈಗುಣ ಸರಿಯಿಲ್ಲ ಅಂದುಬಿಡುತ್ತಾರೆ. ನನಗೆ ತಡೆಯಲಾರದ ಸಿಟ್ಟು ಬರುವುದು ಇದಕ್ಕೇ. ನೀವು ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿದವಳ ಕೈಗುಣಕ್ಕೆ ಏನಾಗಿದೆ? ಕ್ಯಾಮೆರಾ, ಲೈಟು, ಮೈಕು ಎಲ್ಲ ಕೊಂಡಿದ್ದೀರಿ. ಅಡುಗೆಮನೆ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನೂ ಒಂದು ತನ್ನಿ. ಹಿಟ್ಟು ಎಷ್ಟು ಗ್ರಾಂ, ಬೆಣ್ಣೆ ಎಷ್ಟು ಗ್ರಾಂ ಅಂತ ತೂಗಿ ತೋರಿಸಿ, ಆಮೇಲೆ ಒಲೆ ಹಚ್ಚಿ.