ಚಿಗವ್ವ ಹಡೆದ ತಿಂಗಳು

ಮೊನ್ನೆ ನಮ್ಮ ಬಳಗದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಚಳಿಗಾಲದಲ್ಲಿ ಹುಟ್ಟಿದವರಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬರುತ್ತದಂತೆ, ವಿಜ್ಞಾನಿಗಳೇ ಹೇಳಿದ್ದಾರಂತೆ. ರಾತ್ರಿ ವಿಜಯಪುರದಿಂದ ಚಿಗವ್ವನ ಫೋನು. "ಯವ್ವಾ, ಎಳ್ಳಮವಾಸಿ ಮುಂದ ಹಡದೆ ಅಂತ ಅವಗ ಹಿಂಗಾತೇನ?" ಎಂದು ಅತ್ತಳು.

ಆಕೆಯ ಮಗನಿಗೆ ಈ ಕಾಯಿಲೆ ಶುರುವಾದಾಗ 21 ವರ್ಷ. ಅಮಾವಾಸ್ಯೆ ಹುಟ್ಟು, ಗಾಳಿ ಸೋಕಿದೆ, ದಿನ ತುಂಬಿದವಳು ಚರಗ ಚೆಲ್ಲಲು ಹೊಲಕ್ಕೆ ಹೋಗಬಾರದಿತ್ತು. ಮಂದಿ ಅಂದದ್ದು ಒಂದೆರಡಲ್ಲ. ಈಗ ಅದೇ ಮಾತು ವಿಜ್ಞಾನದ ಹೆಸರಲ್ಲಿ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಸೇಜು ಪೂರ್ತಿ ಸುಳ್ಳೇನಲ್ಲ. 1929ರಲ್ಲೇ ಸ್ವಿಟ್ಜರ್ಲೆಂಡಿನ ಟ್ರಾಮರ್ ಎಂಬ ವೈದ್ಯರು ಇದನ್ನು ಬರೆದಿದ್ದರು. ಆಮೇಲೆ ಯುರೋಪ್, ಅಮೆರಿಕದಲ್ಲಿ ಎಷ್ಟೋ ಅಧ್ಯಯನ ನಡೆದವು. ಅಲ್ಲಿ ಚಳಿಗಾಲದಲ್ಲೋ ಅದರ ಬೆನ್ನಿಗೇ ಬರುವ ತಿಂಗಳುಗಳಲ್ಲೋ ಹುಟ್ಟಿದವರಲ್ಲಿ ಈ ಕಾಯಿಲೆ ಶೇಕಡಾ 5ರಿಂದ 8ರಷ್ಟು ಜಾಸ್ತಿ. ಅಂದರೆ ನೂರು ಮಕ್ಕಳಲ್ಲಿ ಎಂಟಕ್ಕೆ ಬರುತ್ತದೆ ಅಂತಲ್ಲ! ಲೆಕ್ಕಕ್ಕೆ, ಬೇರೆ ಕಾಲದಲ್ಲಿ ಹುಟ್ಟಿದ ಹತ್ತು ಸಾವಿರ ಮಂದಿಯಲ್ಲಿ 100 ಮಂದಿಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಚಳಿಗಾಲದವರಲ್ಲಿ ಅದು 105ರಿಂದ 108 ಆದೀತು. ಮಿಕ್ಕ ಸುಮಾರು 9,900 ಮಂದಿಗೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ. ಬಿಸಿಲು ಸಾಲದೆ ವಿಟಮಿನ್ ಡಿ ಕಡಿಮೆಯಾಗುವುದು, ಬಸುರಿನಲ್ಲಿ ತಾಯಿಗೆ ಫ್ಲೂ ಬರುವುದು, ಹೀಗೆ ಕೆಲವು ಕಾರಣ ಊಹಿಸಿದ್ದಾರೆ. ಯಾವುದೂ ಗಟ್ಟಿಯಾಗಿ ಸಾಬೀತಾಗಿಲ್ಲ. ಉತ್ತರ ಯುರೋಪಿನ ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಏಳು ತಾಸು. ನಮ್ಮ ವಿಜಯಪುರದಲ್ಲಿ ಹನ್ನೊಂದು. ಎಳ್ಳಮವಾಸಿಯ ಮಧ್ಯಾಹ್ನ ಹೊಲದಲ್ಲಿ ಉಣ್ಣಲು ಕೂತರೆ ನೆರಳು ಹುಡುಕುತ್ತೇವೆ, ಅಲ್ವಾ? ಅಲ್ಲಿಯ ಲೆಕ್ಕ ತಂದು ಇಲ್ಲಿಯ ತಾಯಿಯ ಮೇಲೆ ಹೊರಿಸುವುದು ಅನ್ಯಾಯ.

ರಕ್ತಸಂಬಂಧದಲ್ಲಿ ಈ ಕಾಯಿಲೆ ಇರುವುದು ತಿಂಗಳಿಗಿಂತ ಎಷ್ಟೋ ದೊಡ್ಡ ಕಾರಣ. ಆದರೂ ತಾಯಿಗೇ ಇದ್ದರೂ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತಕ್ಕೆ ಬರುವುದಿಲ್ಲ.

ನನಗೆ ನೋವಾಗುವುದು ಬೇರೆಯದಕ್ಕೆ. ಹುಡುಗ ಒಬ್ಬನೇ ಮಾತಾಡುತ್ತಿದ್ದ. ಊಟದಲ್ಲಿ ಯಾರೋ ವಿಷ ಹಾಕಿದ್ದಾರೆ ಎಂದು ತಾಟು ಸರಿಸುತ್ತಿದ್ದ. ನಾವು ಎರಡು ವರ್ಷ ತಾಯಿತ, ಲಿಂಬೆಹಣ್ಣು ಅಂತ ಅಲೆದೆವು. ನಾನೂ ಜೊತೆಗೆ ಹೋಗಿದ್ದೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಎಂದು ಆಮೇಲೆ ಡಾಕ್ಟರು ಹೇಳಿದರು. ಹುಟ್ಟಿದ ತಿಂಗಳು ನಮ್ಮ ಕೈಯಲ್ಲಿ ಇರಲಿಲ್ಲ. ಆ ಎರಡು ವರ್ಷ ಇತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಕಂಡರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ.

ಇದನ್ನೆಲ್ಲ ಚಿಗವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದನ್ನ ಆ ಗ್ರೂಪಿನ್ಯಾಗೂ ಹಾಕವ್ವಾ, ನಿಮ್ಮ ಕಾಕಾ ಓದ್ಲಿ" ಅಂದಳು.